‘ಇಲ್ಲ’ ಮತ್ತು ‘ಕಾಣಲಿಲ್ಲ’ಗಳ ನಡುವೆ

ನಮ್ಮೂರು ಪಾವಗಡ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಹಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ, ನಮ್ಮ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಿ ತರಿಸಿದ್ದ ವರದಿಯನ್ನು ಚಿಕ್ಕಪ್ಪ ನನ್ನ ಕೈಗಿಟ್ಟರು. ಫ್ಲೋರೈಡಿನ ಎದುರು ಮಿತಿಯನ್ನು ದಾಟಿದ ಅಂಕಿಯಿತ್ತು; ಅದು ನಮ್ಮ ಕಡೆಯ ಯಾರಿಗೂ ಹೊಸ ಸುದ್ದಿಯಲ್ಲ, ಹಲ್ಲುಗಳ ಮೇಲಿನ ಕಂದು ಕಲೆಗಳು ಅದನ್ನು ತಲೆಮಾರುಗಳಿಂದ ಹೇಳುತ್ತ ಬಂದಿವೆ. ಚಿಕ್ಕಪ್ಪನ ಬೆರಳು ನಿಂತದ್ದು ಸೀಸದ ಸಾಲಿನ ಮೇಲೆ.

“ಇದೇನಮ್ಮ, ಇಲ್ಲಿ ಅಂಕಿಯನ್ನೇ ಹಾಕಿಲ್ಲ. ಎನ್.ಡಿ. ಅಂದರೆ?”

“ನಾಟ್ ಡಿಟೆಕ್ಟೆಡ್ ಅಂತ ಚಿಕ್ಕಪ್ಪ. ಕಾಣಲಿಲ್ಲ ಅಂತ.”

“ಕಾಣಲಿಲ್ಲವೋ, ಇಲ್ಲವೋ?”

ನಾನು ಆಗಲೇ ವಿಶ್ಲೇಷಣಾ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಪಾಠ ಮಾಡುತ್ತಿದ್ದೆ. ಆದರೂ ಆ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡಲಾಗಲಿಲ್ಲ. ವಸ್ತುಗಳು ಹೀರುವ, ಹೊಮ್ಮಿಸುವ ಬೆಳಕಿನಿಂದ ಅವನ್ನು ಗುರುತಿಸಿ ಅಳೆಯುವ ಲೇಸರ್ ರೋಹಿತದರ್ಶನದಲ್ಲಿ ನಾನು ಕಳೆದ ವರ್ಷಗಳನ್ನು ಈಗ ಹಿಂದಿರುಗಿ ನೋಡುವಾಗ, ನನ್ನ ಕ್ಷೇತ್ರದ ಬಹುಪಾಲು ದುಡಿಮೆ ಚಿಕ್ಕಪ್ಪ ಕೇಳಿದ ಆ ಎರಡು ಮಾತುಗಳ ನಡುವಿನ ಅಂತರವನ್ನು ಅಳೆಯುವುದರಲ್ಲೇ ನಡೆದಿದೆ ಎನ್ನಿಸುತ್ತದೆ. ಆ ಅಂತರದ ಬಗ್ಗೆ ನನಗೆ ಹೆಚ್ಚು ಕಲಿಸಿದವರು ನಾನು ಎಂದೂ ಭೇಟಿಯಾಗದ, ಪ್ರಬಂಧಗಳ ಮೂಲಕವಷ್ಟೇ ಬಲ್ಲ ಒಬ್ಬ ಪ್ರಾಧ್ಯಾಪಕರು: ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಜೇಮ್ಸ್ ವೈನ್‌ಫೋರ್ಡ್‌ನರ್.

ವೈನ್‌ಫೋರ್ಡ್‌ನರ್ 1958ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅವರ ಮಾರ್ಗದರ್ಶಕರಾಗಿದ್ದ ಹೋವರ್ಡ್ ಮಾಲ್ಮ್‌ಸ್ಟಾಟ್, ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಎಲೆಕ್ಟ್ರಾನಿಕ್ಸ್ ಕಲಿಯಲೇಬೇಕೆಂದು ಹಟ ಹಿಡಿದವರು. ಬ್ಯೂರೆಟ್ಟಿನ ಹನಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ ರಸಾಯನಶಾಸ್ತ್ರಜ್ಞರು ಬೆಳಕನ್ನು ವಿದ್ಯುತ್ತಾಗಿಸಿ ಹೆಚ್ಚಿಸುವ ಪ್ರಕಾಶಗುಣಕ ನಳಿಕೆಯಿಂದ ಬರುವ ಕ್ಷೀಣವಾದ ವಿದ್ಯುತ್ತನ್ನು ಓದಲು ಕಲಿತ ಕಾಲ ಅದು. ಆ ತರಬೇತಿಯೊಂದಿಗೆ ಗೇನ್ಸ್‌ವಿಲ್ ಊರಿಗೆ ಹೋದ ವೈನ್‌ಫೋರ್ಡ್‌ನರ್ ತಮ್ಮ ವೃತ್ತಿಜೀವನವನ್ನು ಅಲ್ಲಿಯೇ ಕಳೆದರು.

ಅವರು ಹೋದಾಗ ವಿಶ್ಲೇಷಣೆಯ ಜಗತ್ತನ್ನು ಆಳಲು ಹೊರಟಿದ್ದದ್ದು ಪರಮಾಣು ಹೀರಿಕೆಯ ವಿಧಾನ. ಆಸ್ಟ್ರೇಲಿಯಾದ ಅಲನ್ ವಾಲ್ಷ್ 1955ರಲ್ಲಿ ಅದನ್ನು ಮುಂದಿಟ್ಟಿದ್ದರು. ಮಾದರಿಯನ್ನು ಜ್ವಾಲೆಗೆ ಸಿಂಪಡಿಸಿ, ಆ ಜ್ವಾಲೆಯ ಮೂಲಕ ದೀಪದ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ಕಡಿಮೆಯಾಯಿತು ಎಂದು ಅಳೆಯುವುದು ಅದರ ಕ್ರಮ. ಇದರಲ್ಲಿ ಒಂದು ಮೂಲಭೂತ ತೊಡಕಿದೆ. ತುಂಬಿದ ಅಕ್ಕಿಮೂಟೆಯಿಂದ ಯಾರೋ ಒಂದು ಚಿಟಿಕೆ ತೆಗೆದಿದ್ದಾರೆಯೇ ಎಂದು ತಿಳಿಯಲು ಮೂಟೆಯನ್ನೇ ಎರಡು ಸಲ ತೂಗಿ ಕಳೆಯುವಂತಹ ಕೆಲಸ ಅದು. ಎರಡು ದೊಡ್ಡ ಅಂಕಿಗಳ ನಡುವಿನ ಸಣ್ಣ ವ್ಯತ್ಯಾಸ ತಕ್ಕಡಿಯ ಅಲುಗಾಟದಲ್ಲೇ ಮುಳುಗಿಹೋಗುತ್ತದೆ. ಪ್ರತಿದೀಪ್ತಿಯ ದಾರಿ ಬೇರೆ. ಬೆಳಕನ್ನು ಹೀರಿದ ಪರಮಾಣು ಅದನ್ನು ಎಲ್ಲ ದಿಕ್ಕುಗಳಿಗೂ ಮರಳಿ ಹೊಮ್ಮಿಸುತ್ತದೆ. ದೀಪದ ದಾರಿಗೆ ಅಡ್ಡವಾಗಿ, ಲಂಬಕೋನದಲ್ಲಿ ಕುಳಿತು ನೋಡಿದರೆ ದೀಪ ಕಾಣುವುದಿಲ್ಲ, ಪರಮಾಣುವಿನ ಬೆಳಕಷ್ಟೇ ಕಾಣುತ್ತದೆ. ಅಮಾವಾಸ್ಯೆಯ ರಾತ್ರಿ ದೂರದ ಹೊಲದಲ್ಲಿ ಯಾರೋ ಸೇದುವ ಬೀಡಿಯ ಕಿಡಿ ನಮ್ಮ ಜಗುಲಿಗೆ ಕಾಣುತ್ತದಲ್ಲ, ಹಾಗೆ. ಕತ್ತಲೆ ಗಾಢವಾಗಿದ್ದಷ್ಟೂ ಕಿಡಿ ಎಷ್ಟೇ ಸಣ್ಣದಾದರೂ ನಡೆಯುತ್ತದೆ.

ಸೋಡಿಯಂ ಆವಿಯಲ್ಲಿ ಈ ಬೆಳಕನ್ನು ಭೌತಶಾಸ್ತ್ರಜ್ಞರು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಕಂಡಿದ್ದರು. ಆದರೆ ಅದನ್ನು ‘ಎಷ್ಟು?’ ಎಂಬ ಪ್ರಶ್ನೆಗೆ ಉತ್ತರವಾಗಿ ಮಾಡಿದ್ದು 1964ರಲ್ಲಿ ವೈನ್‌ಫೋರ್ಡ್‌ನರ್ ಮತ್ತು ಅವರ ವಿದ್ಯಾರ್ಥಿಗಳು ಬರೆದ ಪ್ರಬಂಧಗಳು. ಸತು, ಕ್ಯಾಡ್ಮಿಯಂ ಮತ್ತು ಪಾದರಸವನ್ನು ಜ್ವಾಲೆಯಲ್ಲಿ ಪ್ರತಿದೀಪ್ತಿಯಿಂದ ಅಳೆಯಬಹುದೆಂದು ಅವು ತೋರಿಸಿದವು. ಅದೇ ದಶಕದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಟಿ. ಎಸ್. ವೆಸ್ಟ್ ಅವರ ಬಳಗವೂ ಈ ವಿಧಾನವನ್ನು ಬೆಳೆಸತೊಡಗಿತು.

ಹೀರಿಕೆಯಲ್ಲಿ ದೀಪವನ್ನು ಹತ್ತು ಪಟ್ಟು ಪ್ರಖರಗೊಳಿಸಿದರೆ ಹೀರಿಕೆಯ ಪ್ರಮಾಣವೇನೂ ಹತ್ತು ಪಟ್ಟಾಗುವುದಿಲ್ಲ. ಪ್ರತಿದೀಪ್ತಿಯಲ್ಲಿ ದೀಪ ಹತ್ತು ಪಟ್ಟಾದರೆ ಕಿಡಿಯೂ ಹತ್ತು ಪಟ್ಟಾಗುತ್ತದೆ. ಈ ಒಂದು ಸಂಗತಿಯೇ ಈ ಕ್ಷೇತ್ರವನ್ನು ಲೇಸರಿನ ಕಡೆಗೆ ಎಳೆಯಿತು. 1960ರಲ್ಲಿ ಥಿಯೊಡೋರ್ ಮೈಮನ್ ಬೆಳಗಿಸಿದ ಮೊದಲ ರೂಬಿ ಲೇಸರ್ 694.3 ನ್ಯಾನೋಮೀಟರಿನ ಒಂದೇ ಕೆಂಪು ಬಣ್ಣವನ್ನು ಕೊಡುತ್ತಿತ್ತು; ಆ ಬಣ್ಣವನ್ನು ಹೀರುವ ಲೋಹ ಬೇಕಾದ ಕಡೆ ಸಿಗಬೇಕಲ್ಲ. 1966ರಲ್ಲಿ ಬಣ್ಣದ ದ್ರಾವಣದಿಂದ ಬೆಳಕು ಹೊಮ್ಮಿಸುವ ಡೈ ಲೇಸರ್ ಬಂದ ಮೇಲೆ ಬಣ್ಣವನ್ನು ರೇಡಿಯೋ ಸ್ಟೇಷನ್ನಿನಂತೆ ತಿರುಗಿಸಿ ಹೊಂದಿಸಿಕೊಳ್ಳುವುದು ಸಾಧ್ಯವಾಯಿತು. 1971ರ ಹೊತ್ತಿಗೆ ಗೇನ್ಸ್‌ವಿಲ್ಲಿನ ಪ್ರಯೋಗಾಲಯ ಡೈ ಲೇಸರಿನಿಂದ ಜ್ವಾಲೆಯೊಳಗಿನ ಪರಮಾಣುಗಳನ್ನು ಉದ್ದೀಪಿಸಿ ಅಳೆದ ಫಲಿತಾಂಶಗಳನ್ನು ಪ್ರಕಟಿಸಿತ್ತು.

ಆಮೇಲೆ ಗೊತ್ತಾದ ಇನ್ನೊಂದು ಗುಣ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಲೇಸರನ್ನು ಪ್ರಬಲಗೊಳಿಸುತ್ತ ಹೋದಂತೆ ಒಂದು ಹಂತದಲ್ಲಿ ಪರಮಾಣುಗಳು ಮೇಲೇರುವ ವೇಗವೂ ಲೇಸರಿನ ಒತ್ತಾಯಕ್ಕೇ ಕೆಳಗಿಳಿಯುವ ವೇಗವೂ ಸಮವಾಗುತ್ತವೆ. ಅಲ್ಲಿಂದ ಮುಂದೆ ಲೇಸರ್ ಸ್ವಲ್ಪ ಹೆಚ್ಚಿದರೂ ತಗ್ಗಿದರೂ ಕಿಡಿ ಬದಲಾಗುವುದಿಲ್ಲ. ಜ್ವಾಲೆಯ ಅನಿಲಗಳು ಡಿಕ್ಕಿ ಹೊಡೆದು ಪರಮಾಣುವಿನ ಬೆಳಕನ್ನು ಕಸಿದುಕೊಳ್ಳುವ ತೊಂದರೆಯೂ ಬಹಳ ಮಟ್ಟಿಗೆ ಕಳೆಯುತ್ತದೆ. ಸ್ಪಂದನದಿಂದ ಸ್ಪಂದನಕ್ಕೆ ಏರಿಳಿಯುವ ಅಂದಿನ ಲೇಸರುಗಳಿಗೆ ಇದೊಂದು ವರವಾಗಿತ್ತು. ಇಟಲಿಯ ಇಸ್ಪ್ರಾದಲ್ಲಿದ್ದ, ಮುಂದೆ ಫ್ಲೋರಿಡಾಕ್ಕೇ ಬಂದು ನೆಲೆಸಿದ ನಿಕೊಲೊ ಒಮೆನೆಟ್ಟೊ ಮತ್ತು ವೈನ್‌ಫೋರ್ಡ್‌ನರ್ ಈ ಪರ್ಯಾಪ್ತ ಸ್ಥಿತಿಯ ಬಗ್ಗೆ ಬರೆದ ಪುಟಗಳನ್ನು ನಾನು ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ ಪೆನ್ಸಿಲಿನಿಂದ ಗೆರೆ ಎಳೆದೆಳೆದು ಸವೆಸಿದ್ದೇನೆ.

ನನ್ನ ಸಂಶೋಧನೆ ಶುರುವಾದದ್ದು 1990ರ ದಶಕದ ಆರಂಭದಲ್ಲಿ. ನಮ್ಮ ಬಳಿ ಇದ್ದದ್ದು ವಿಭಾಗದಲ್ಲೇ ಕಟ್ಟಿದ ಒಂದು ನೈಟ್ರೋಜನ್ ಲೇಸರ್. ಅದರ 337.1 ನ್ಯಾನೋಮೀಟರಿನ ಕಣ್ಣಿಗೆ ಕಾಣದ ಬೆಳಕನ್ನು ರೋಡಮೈನ್ 6ಜಿ ಎಂಬ ಬಣ್ಣದ ದ್ರಾವಣಕ್ಕೆ ಹಾಯಿಸಿದರೆ ಕಿತ್ತಳೆ-ಹಳದಿಯ ಗೆರೆ ಹೊರಡುತ್ತಿತ್ತು. ಆ ಗೆರೆಯನ್ನು 589.0 ನ್ಯಾನೋಮೀಟರಿಗೆ ಹೊಂದಿಸಿ ಜ್ವಾಲೆಯಲ್ಲಿನ ಸೋಡಿಯಂ ಅಳೆಯುವುದು ನನಗೆ ಕೊಟ್ಟ ಮೊದಲ ಕೆಲಸ. ಮೊದಲ ವಾರದಲ್ಲೇ ಅದ್ಭುತವಾದ ಸಂಕೇತ ಬಂತು. ದ್ರಾವಣವನ್ನು ಹತ್ತು ಪಟ್ಟು ತೆಳುಗೊಳಿಸಿದೆ, ಸಂಕೇತ ಕೊಂಚ ತಗ್ಗಿತು. ಮತ್ತೆ ಹತ್ತು ಪಟ್ಟು ತೆಳುಗೊಳಿಸಿದೆ, ಅದು ಅಲ್ಲೇ ನಿಂತಿತು. ಶುದ್ಧ ನೀರನ್ನಿಟ್ಟೆ, ಆಗಲೂ ಇತ್ತು. ಬಟ್ಟಿ ಇಳಿಸಿದ ನೀರನ್ನು ಇನ್ನೊಮ್ಮೆ ಬಟ್ಟಿ ಇಳಿಸಿದೆ, ಗಾಜಿನ ಸೀಸೆಗಳನ್ನು ಬಿಟ್ಟು ಪ್ಲಾಸ್ಟಿಕ್ಕಿಗೆ ಬಂದೆ, ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿದೆ. ಹೀಗೆ ಸುಮಾರು ಮೂರು ತಿಂಗಳು ಕಳೆದವು. ಒಂದು ದಿನ ನಮ್ಮ ಗೈಡ್ ಬಂದು ನನ್ನ ನೋಟ್‌ಬುಕ್ ತಿರುವಿ ನೋಡಿ, “ಲೇಸರಿಗೆ ಅಡ್ಡ ಒಂದು ರಟ್ಟು ಹಿಡಿದು ನೋಡಮ್ಮ” ಎಂದರು. ಹಿಡಿದೆ. ಬೆಳಕು ಜ್ವಾಲೆಯನ್ನು ಮುಟ್ಟುತ್ತಲೇ ಇರಲಿಲ್ಲ, ಆದರೂ ಸಂಕೇತದ ಒಂದು ಪಾಲು ಹಾಗೆಯೇ ಉಳಿಯಿತು.

ನೈಟ್ರೋಜನ್ ಲೇಸರ್ ಕೆಲಸ ಮಾಡುವುದೇ ಸಾವಿರಾರು ವೋಲ್ಟಿನ ಕಿಡಿಯಿಂದ. ಪ್ರತಿ ಕಿಡಿಯೂ ಒಂದು ಸಣ್ಣ ರೇಡಿಯೋ ಪ್ರಸಾರಕದಂತೆ ಅಲೆಗಳನ್ನು ಎರಚುತ್ತದೆ, ನನ್ನ ಕೇಬಲ್ಲುಗಳು ಅದನ್ನು ಆಂಟೆನಾದಂತೆ ಹಿಡಿದು ‘ಸೋಡಿಯಂ’ ಎಂದು ನನಗೆ ತೋರಿಸುತ್ತಿದ್ದವು. ತಾಮ್ರದ ಜಾಲರಿಯ ಪಂಜರದೊಳಗೆ ಲೇಸರನ್ನು ಕೂರಿಸಿ, ಭೂಸಂಪರ್ಕದ ತಂತಿಗಳನ್ನು ಮತ್ತೆ ಎಳೆದ ಮೇಲೆ ಆ ಸುಳ್ಳು ಸಂಕೇತ ಅಡಗಿತು. ಉಳಿದದ್ದು ನಿಜವಾದ ಸೋಡಿಯಂ: ಗಾಳಿಯ ದೂಳಿನದು, ಬೆರಳ ತುದಿಯ ಬೆವರಿನದು, ಗಾಜಿನದು. ಬುನ್ಸೆನ್ ಮತ್ತು ಕಿರ್ಕಾಫ್ 1860ರಲ್ಲಿ ತಮ್ಮ ಬರಿಗಣ್ಣಿನ ರೋಹಿತದರ್ಶಕದಿಂದಲೇ ಒಂದು ಮಿಲಿಗ್ರಾಮಿನ 30 ಲಕ್ಷದಲ್ಲೊಂದು ಪಾಲು ಸೋಡಿಯಂ ಕಾಣುತ್ತದೆಂದು ಬರೆದಿದ್ದರು. ಕೋಣೆಯ ದೂಳು ಹಾರಿದರೂ ಜ್ವಾಲೆ ಹಳದಿಯಾಗುವುದನ್ನು ಕಂಡ ಅವರಿಗೆ ಸೋಡಿಯಂ ಎಲ್ಲೆಲ್ಲೂ ಇದೆ ಎಂಬುದು ಸ್ಪಷ್ಟವಾಗಿತ್ತು. ಅದನ್ನು ನಾನು ಪಠ್ಯದಲ್ಲಿ ಓದಿದ್ದೆ, ಪಾಠ ಹತ್ತಿದ್ದು ಆ ಮೂರು ತಿಂಗಳಲ್ಲಿ.

ಮಾದರಿಯಲ್ಲಿರುವ ಎಲ್ಲವೂ ಇದ್ದು, ನಾವು ಹುಡುಕುವ ವಸ್ತುವೊಂದು ಮಾತ್ರ ಇಲ್ಲದ ದ್ರಾವಣವನ್ನು ನಾವು ಬ್ಲ್ಯಾಂಕ್ ಎನ್ನುತ್ತೇವೆ. ಅದನ್ನು ಒಮ್ಮೆ ಅಳೆದು ಸೊನ್ನೆ ಎಂದು ಬರೆದುಕೊಂಡು ಮುಂದೆ ಹೋಗುವ ಅಭ್ಯಾಸ ಬಹಳ ಪ್ರಯೋಗಾಲಯಗಳಲ್ಲಿದೆ. ಬ್ಲ್ಯಾಂಕನ್ನು ಇಪ್ಪತ್ತು ಸಲ ಅಳೆದರೆ ಇಪ್ಪತ್ತು ಅಂಕಿಗಳು ಬರುತ್ತವೆ, ಮತ್ತು ಆ ಅಂಕಿಗಳ ಹರವೇ ನಾವು ಏನನ್ನು ಕಾಣಬಲ್ಲೆವು ಎಂಬುದರ ಗಡಿಯನ್ನು ಗೀಚುತ್ತದೆ. ವೈನ್‌ಫೋರ್ಡ್‌ನರ್ ಅವರ ಮೇಲಿನ ನನ್ನ ಗೌರವ ಗಟ್ಟಿಯಾದದ್ದು ಇಲ್ಲಿ. ಅತಿ ಸಣ್ಣ ಪ್ರಮಾಣಗಳ ಬೆನ್ನು ಹತ್ತಿದ್ದವರು ‘ಪತ್ತೆ ಮಿತಿ’ ಎಂಬ ಮಾತಿನ ಅರ್ಥವನ್ನೂ ಅಷ್ಟೇ ಬಿಡದೆ ಬೆನ್ನು ಹತ್ತಿದರು. 1967ರಲ್ಲೇ ಅವರ ಗುಂಪು ಅದರ ಸಂಖ್ಯಾಶಾಸ್ತ್ರದ ಬಗ್ಗೆ ಬರೆದಿತ್ತು. 1970ರ ದಶಕದಲ್ಲಿ ಅಂತಾರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟವು ಬ್ಲ್ಯಾಂಕಿನ ಸರಾಸರಿಗಿಂತ ಅದರ ಪ್ರಮಾಣ ವಿಚಲನೆಯ (ಅಂಕಿಗಳ ಹರವಿನ ಅಳತೆಯ) ಮೂರು ಪಟ್ಟು ಮೇಲಿರುವ ಸಂಕೇತವನ್ನು ಪತ್ತೆಯಾದದ್ದೆಂದು ಒಪ್ಪಬೇಕೆಂಬ ಸೂತ್ರವನ್ನು ಮುಂದಿಟ್ಟ ಮೇಲೆ, 1983ರಲ್ಲಿ ಸಹಲೇಖಕರೊಬ್ಬರೊಂದಿಗೆ ಅವರು ಬರೆದ ಲೇಖನ ಆ ಸೂತ್ರವನ್ನು ಬಿಡಿಸಿ ನೋಡಿತು.

ಮೂರೇ ಯಾಕೆ? ಬ್ಲ್ಯಾಂಕಿನ ಏರಿಳಿತ ಗಂಟೆಯಾಕಾರದ ಸಾಮಾನ್ಯ ವಿತರಣೆಯನ್ನು ಪಾಲಿಸಿದರೆ, ಬರಿಯ ಗದ್ದಲವೇ ಮೂರು ಪಟ್ಟಿನ ಗಡಿಯನ್ನು ದಾಟುವ ಸಂಭವ ಸಾವಿರಕ್ಕೆ ಒಂದೆರಡು. ಆದರೆ ಅದು ಆ ಆಕಾರವನ್ನು ಪಾಲಿಸುತ್ತದೆಂದು ಯಾರು ಹೇಳಿದರು? ಏನನ್ನೂ ಊಹಿಸಿಕೊಳ್ಳದೆ ಲೆಕ್ಕ ಹಾಕಿದರೆ ಮೂರು ಪಟ್ಟು ಕೊಡುವ ಭರವಸೆ ಸುಮಾರು ಶೇ 89ಕ್ಕೆ ಇಳಿಯುತ್ತದೆ. ಎರಡು ಪಟ್ಟನ್ನೋ ಅದಕ್ಕಿಂತ ಕಡಿಮೆಯನ್ನೋ ಹಿಡಿದು ಹಿಗ್ಗುವವರಿಗೆ ಈ ಅಂಕಿ ಕಟ್ಟೆಚ್ಚರವಾಗಬೇಕು. ಜೊತೆಗೆ, ಸಂಕೇತವನ್ನು ಸಾರತೆಗೆ ಪರಿವರ್ತಿಸುವ ಕ್ಯಾಲಿಬ್ರೇಷನ್ ಗೆರೆಯ ಇಳಿಜಾರಿನಲ್ಲೂ ತಪ್ಪಿರುತ್ತದೆ. ಅದನ್ನು ಲೆಕ್ಕಕ್ಕೆ ಸೇರಿಸಿದರೆ ಒಂದೇ ಪ್ರಯೋಗದ ಅಂಕಿಗಳಿಂದ ಬೇರೆ ಬೇರೆ ಪತ್ತೆ ಮಿತಿಗಳು ಹೊರಡುತ್ತವೆ. ತಮ್ಮ ಕ್ಷೇತ್ರದ ಕೀರ್ತಿಯೆಲ್ಲ ನಿಂತಿದ್ದ ಅಳತೆಗೋಲನ್ನೇ ತೆಗೆದುಕೊಂಡು, ಇದನ್ನು ಹೀಗೆ ಹಿಡಿದರೆ ನಾವು ಹೇಳಿಕೊಳ್ಳುವುದಕ್ಕಿಂತ ಮಿತಿ ದೊಡ್ಡದಾಗಬಹುದು ಎಂದು ಬರೆಯಲು ದೊಡ್ಡ ಪ್ರಾಮಾಣಿಕತೆ ಬೇಕು. ನನ್ನ ಮಟ್ಟಿಗೆ ಅವರ ಲೇಸರ್ ಪ್ರಬಂಧಗಳೆಲ್ಲಕ್ಕಿಂತ ಈ ಕೆಲವು ಪುಟಗಳು ಮುಖ್ಯ.

ಲೇಸರ್ ಪ್ರತಿದೀಪ್ತಿ ಎಷ್ಟು ದೂರ ಹೋಯಿತೆಂಬುದಕ್ಕೆ ಸೀಸದ ಉದಾಹರಣೆ ಸಾಕು. ಜ್ವಾಲೆಯ ಬದಲು ವಿದ್ಯುತ್ತಿನಿಂದ ಕಾಯುವ ಪುಟ್ಟ ಗ್ರಾಫೈಟ್ ಕುಲುಮೆಯಲ್ಲಿ ಕೆಲವು ಮೈಕ್ರೋಲೀಟರ್ ಮಾದರಿಯನ್ನು ಆವಿ ಮಾಡಿ, 283.3 ನ್ಯಾನೋಮೀಟರಿನ ಲೇಸರಿನಿಂದ ಉದ್ದೀಪಿಸಿ, 405.8 ನ್ಯಾನೋಮೀಟರಿನ ನೇರಳೆ ಬೆಳಕನ್ನು ನೋಡುತ್ತಾರೆ. ಕೊಡುವ ಬಣ್ಣ ಒಂದು, ನೋಡುವ ಬಣ್ಣ ಇನ್ನೊಂದು. ಹಾಗಾಗಿ ಚದುರಿದ ಲೇಸರ್ ಬೆಳಕು ಕಣ್ಣು ಕುಕ್ಕುವುದಿಲ್ಲ. ಈ ಕ್ರಮದಲ್ಲಿ ಸೀಸವನ್ನು ಫೆಮ್ಟೋಗ್ರಾಂ ಮಟ್ಟದಲ್ಲಿ ಕಂಡರು. ಒಂದು ಗ್ರಾಮನ್ನು ಲಕ್ಷ ಕೋಟಿ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ಸಾವಿರ ಭಾಗ ಮಾಡಿದರೆ ಸಿಗುವುದು ಒಂದು ಫೆಮ್ಟೋಗ್ರಾಂ. ಅಷ್ಟು ಸೀಸದಲ್ಲಿ ಇರುವುದು ಸುಮಾರು 29 ಲಕ್ಷ ಪರಮಾಣುಗಳು. ಫ್ಲೋರಿಡಾದ ಗುಂಪು 1990ರ ದಶಕದಲ್ಲಿ ಇದೇ ದಾರಿಯಿಂದ ರಕ್ತದಲ್ಲಿನ ಸೀಸವನ್ನೂ ಅಳೆಯಿತು. ಅಷ್ಟು ಕೆಳಗೆ ಇಳಿದ ಮೇಲೆ ಲೇಸರಿನ ಸಾಮರ್ಥ್ಯ ಅಡ್ಡಿಯಾಗಿ ಉಳಿಯುವುದಿಲ್ಲ. ಆಮ್ಲದಲ್ಲಿರುವ ಸೀಸ, ಪಿಪೆಟ್ಟಿನ ತುದಿಯ ಸೀಸ, ಕೋಣೆಯ ದೂಳಿನ ಸೀಸ ಅಡ್ಡ ಬರುತ್ತವೆ. ಉಪಕರಣ ಕಾಣಬಲ್ಲುದಕ್ಕಿಂತ ಎಷ್ಟೋ ಮೇಲೆ ಬ್ಲ್ಯಾಂಕ್ ನಿಂತುಬಿಟ್ಟಿರುತ್ತದೆ.

ಇಷ್ಟೆಲ್ಲ ಸಾಧಿಸಿಯೂ ಈ ವಿಧಾನ ಊರೂರಿನ ಪ್ರಯೋಗಾಲಯಗಳಿಗೆ ಬರಲಿಲ್ಲ. ಡೈ ಲೇಸರ್ ಒಂದು ಸಲಕ್ಕೆ ಒಂದೇ ಧಾತುವನ್ನು ನೋಡುತ್ತದೆ, ಬಣ್ಣದ ದ್ರಾವಣ ಕೆಡುತ್ತದೆ, ಕನ್ನಡಿಗಳನ್ನು ದಿನವೂ ಸರಿಪಡಿಸಬೇಕು. 1980ರ ದಶಕದಲ್ಲಿ ಮಾರುಕಟ್ಟೆಗೆ ಬಂದ, ಪ್ಲಾಸ್ಮಾ ಎಂಬ ಅತಿ ಬಿಸಿ ಅನಿಲದಲ್ಲಿ ಪರಮಾಣುಗಳಿಗೆ ವಿದ್ಯುದಾವೇಶ ಕೊಟ್ಟು ಅವನ್ನು ತೂಕದಿಂದ ವಿಂಗಡಿಸುವ ಪ್ಲಾಸ್ಮಾ ಮಾಸ್ ಸ್ಪೆಕ್ಟ್ರೋಮೀಟರ್ ಹತ್ತಾರು ಧಾತುಗಳನ್ನು ಕೆಲವೇ ನಿಮಿಷಗಳಲ್ಲಿ ಅಳೆಯತೊಡಗಿತು, ಮತ್ತು ಗೆದ್ದಿತು. ಇತ್ತ ಪ್ರತಿದೀಪ್ತಿ ಬಾಳಿ ಬದುಕಿದ್ದು ಲೇಸರಿಲ್ಲದ ರೂಪದಲ್ಲಿ: ನೀರಿನ ಪಾದರಸವನ್ನು ತಣ್ಣನೆಯ ಆವಿಯಾಗಿಸಿ 253.7 ನ್ಯಾನೋಮೀಟರಿನ ಸಾಮಾನ್ಯ ದೀಪದಿಂದ ಅಳೆಯುವ ವಿಧಾನ ಇಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಧಿಕೃತ ಕ್ರಮಗಳಲ್ಲೊಂದು. 1964ರ ಆ ಪ್ರಬಂಧಗಳಲ್ಲಿದ್ದ ಮೂರು ಲೋಹಗಳಲ್ಲಿ ಪಾದರಸವೂ ಒಂದಾಗಿತ್ತು ಎಂಬುದನ್ನು ನೆನೆದಾಗ ನನಗೆ ಸಂತೋಷವಾಗುತ್ತದೆ.

ನನ್ನ ಸ್ವಂತ ಸಂಕಟ ಬೇರೆಯದು. ನಾನು ಈ ಕ್ಷೇತ್ರಕ್ಕೆ ಬಂದದ್ದೇ ಊರಿನ ನೀರಿನ ಫ್ಲೋರೈಡನ್ನು ತಲೆಯಲ್ಲಿಟ್ಟುಕೊಂಡು. ಆದರೆ ಫ್ಲೋರಿನ್ ಪರಮಾಣುವನ್ನು ಉದ್ದೀಪಿಸಬಲ್ಲ ಬೆಳಕು 95 ನ್ಯಾನೋಮೀಟರಿನ ಆಸುಪಾಸಿನದು. ಗಾಳಿಯೇ ಅದನ್ನು ನುಂಗಿಬಿಡುತ್ತದೆ, ಜ್ವಾಲೆ, ಡೈ ಲೇಸರ್, ಗಾಜಿನ ಮಸೂರ ಯಾವುದೂ ಅಲ್ಲಿ ನಡೆಯುವುದಿಲ್ಲ. ಊರಿನ ನೀರಿಗೆ ಒದಗಿದ್ದು 1966ರಲ್ಲಿ ಬಂದ, ಲ್ಯಾಂಥನಂ ಫ್ಲೋರೈಡಿನ ಹರಳನ್ನು ತುದಿಯಲ್ಲಿಟ್ಟುಕೊಂಡ ಒಂದು ಎಲೆಕ್ಟ್ರೋಡ್. ಅದನ್ನು ನೀರಿನಲ್ಲಿ ಅದ್ದಿದರೆ ಕೆಲವು ನಿಮಿಷಗಳಲ್ಲಿ ಉತ್ತರ ಬರುತ್ತದೆ. ಹಗಲು ಲೇಸರಿನ ಮುಂದೆ ಕೂತು, ಸಂಜೆ ಊರಿಂದ ತಂದ ಸೀಸೆಗಳಿಗೆ ಎಲೆಕ್ಟ್ರೋಡ್ ಅದ್ದುತ್ತಿದ್ದ ವರ್ಷಗಳಲ್ಲಿ ಎರಡು ಕೆಲಸಗಳು ಎಂದಾದರೂ ಕೂಡುತ್ತವೆಯೇ ಎಂದು ಬಹಳ ಯೋಚಿಸಿದ್ದೇನೆ.

ಅವು ಕೂಡಿದ್ದು ನಾನು ನಿರೀಕ್ಷಿಸದ ಜಾಗದಲ್ಲಿ. 2004ರಲ್ಲಿ ವೈನ್‌ಫೋರ್ಡ್‌ನರ್, ಒಮೆನೆಟ್ಟೊ ಮತ್ತು ಸಂಗಡಿಗರು ಒಂದು ವಿಮರ್ಶೆ ಬರೆದು, ಪರಮಾಣು ರೋಹಿತದರ್ಶನದ ‘ಸೂಪರ್‌ಸ್ಟಾರ್’ ವಿಧಾನಗಳ ಜೊತೆಗೆ ಲಿಬ್ಸ್ ವಿಧಾನವನ್ನು ಹೋಲಿಸಿ, ಅದನ್ನು ನಾಳಿನ ಸೂಪರ್‌ಸ್ಟಾರ್ ಎಂದು ಕರೆದರು. ಲಿಬ್ಸ್‌ನಲ್ಲಿ ಲೇಸರಿನ ಸ್ಪಂದನವೊಂದನ್ನು ಕಲ್ಲಿನ ಮೇಲೆ ಕೇಂದ್ರೀಕರಿಸಿ, ಕ್ಷಣಮಾತ್ರ ಬದುಕುವ ಪ್ಲಾಸ್ಮಾವನ್ನು ಎಬ್ಬಿಸಿ, ಅದು ಆರುತ್ತ ಬಿಡುವ ಬೆಳಕನ್ನು ಓದುತ್ತಾರೆ. ಮಾದರಿಯನ್ನು ಕರಗಿಸಬೇಕಿಲ್ಲ, ಮುಟ್ಟಬೇಕಾಗಿಯೂ ಇಲ್ಲ. 2012ರ ಆಗಸ್ಟ್ 19ರಂದು ಕ್ಯೂರಿಯಾಸಿಟಿ ರೋವರ್ ಮಂಗಳನ ಮೇಲೆ ಮೊದಲ ಬಾರಿ ಕಲ್ಲೊಂದಕ್ಕೆ ಲೇಸರ್ ಹೊಡೆದದ್ದು ಈ ವಿಧಾನದಿಂದ. ಆ ದತ್ತಾಂಶದಲ್ಲಿ ಮುಂದೆ ಫ್ಲೋರಿನ್ ಸಿಕ್ಕಿತು, ಆದರೆ ಪರಮಾಣುವಿನ ಗೆರೆಯಿಂದಲ್ಲ: ಆರುತ್ತಿರುವ ಪ್ಲಾಸ್ಮಾದಲ್ಲಿ ಫ್ಲೋರಿನ್ ಕ್ಯಾಲ್ಸಿಯಂನೊಂದಿಗೆ ಕೂಡಿ ಕ್ಷಣಕಾಲ ಒಂದು ಅಣುವಾಗುತ್ತದೆ, ಆ ಅಣು ಹಸಿರು ಮತ್ತು ಕಿತ್ತಳೆ ಬಣ್ಣದ ಪಟ್ಟೆಗಳನ್ನು ಹೊಮ್ಮಿಸುತ್ತದೆ.

ಅದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮ ಸೀಮೆಯ ಗ್ರಾನೈಟ್ ಬಂಡೆಗಳಿಂದ ಫ್ಲೋರೈಡ್ ನೀರಿಗಿಳಿಯುವುದು ಆ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದಾಗ. ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಕರಗದ ರೂಪದಲ್ಲಿ ಹಿಡಿದಿಡುತ್ತದೆ. ಮೈಗೆ ಹೋದ ಫ್ಲೋರೈಡ್ ಹಲ್ಲು, ಮೂಳೆಗಳಲ್ಲಿ ನೆಲೆಯೂರುವುದೂ ಅಲ್ಲಿರುವ ಕ್ಯಾಲ್ಸಿಯಂನ ಖನಿಜದಲ್ಲೇ. ಅದೇ ಜೋಡಿ ಬೇರೊಂದು ಗ್ರಹದ ಕಲ್ಲಿನ ಮೇಲಿನ ಕಿಡಿಯಲ್ಲಿ ಒಂದಾಗಿ, ನನ್ನ ಯೌವನವಿಡೀ ಕಾಣಿಸಿಕೊಳ್ಳದಿದ್ದ ಧಾತುವನ್ನು ಲೇಸರಿಗೆ ಕಾಣಿಸಿಕೊಟ್ಟಿತ್ತು. ನನ್ನ ವಿದ್ಯಾರ್ಥಿಗಳೊಂದಿಗೆ ಊರಿನ ಮಣ್ಣನ್ನೂ ಬಂಡೆಯ ಪುಡಿಯನ್ನೂ ಬಿಲ್ಲೆಗಳಾಗಿ ಒತ್ತಿ ಆ ಪಟ್ಟೆಗಳನ್ನು ಹುಡುಕಲು ಶುರು ಮಾಡಿದ್ದು ಆಮೇಲೆ. ಕೆಲಸ ಸುಲಭವಲ್ಲ. ಮಣ್ಣಿನಿಂದ ಮಣ್ಣಿಗೆ ಪ್ಲಾಸ್ಮಾದ ಬಿಸಿ ಬದಲಾಗುತ್ತದೆ, ಕ್ಯಾಲ್ಸಿಯಂ ಬದಲಾದರೆ ಫ್ಲೋರಿನ್ ಬದಲಾಗದಿದ್ದರೂ ಪಟ್ಟೆ ಬದಲಾಗುತ್ತದೆ. ಕ್ಯೂರಿಯಾಸಿಟಿಯನ್ನು ಕಟ್ಟಿದವರು ರಚನೆ ಗೊತ್ತಿರುವ ಸ್ಟ್ಯಾಂಡರ್ಡ್ ಬಿಲ್ಲೆಗಳನ್ನು ರೋವರಿನ ಮೈಮೇಲೆಯೇ ಕೂರಿಸಿ ಕಳುಹಿಸಿದ್ದರ ಹಿಂದಿನ ವಿವೇಕ ಅಲ್ಲಿ ಅರ್ಥವಾಗುತ್ತದೆ.

2023ರ ಆಗಸ್ಟ್ ಕೊನೆಯಲ್ಲಿ, ಬೆಂಗಳೂರಿನ ಇಸ್ರೋ ಪ್ರಯೋಗಾಲಯವಾದ ಲಿಯೋಸ್‌ನಲ್ಲಿ ತಯಾರಾಗಿದ್ದ ಲಿಬ್ಸ್ ಉಪಕರಣ ಚಂದ್ರನ ದಕ್ಷಿಣ ಧ್ರುವದ ಸಮೀಪ ಗಂಧಕವನ್ನು ಕಂಡಿತು. ಇಸ್ರೋ ಪ್ರಕಟಿಸಿದ ರೋಹಿತದ ನಕ್ಷೆಯನ್ನು ಮಾರನೆಯ ದಿನವೇ ತರಗತಿಯಲ್ಲಿ ತೆರೆದಿಟ್ಟೆ. ಅಲ್ಯೂಮಿನಿಯಂ, ಕ್ಯಾಲ್ಸಿಯಂ, ಕಬ್ಬಿಣ, ಟೈಟೇನಿಯಂ ಎಂದು ಮಕ್ಕಳು ಗೆರೆಗಳನ್ನು ಓದುತ್ತ ಹೋದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮೇಡಂ, ಇದರಲ್ಲಿ ಬ್ಲ್ಯಾಂಕ್ ಯಾವುದು?” ಎಂದು ಕೇಳಿದಳು. ಆ ದಿನದ ಉಳಿದ ಅವಧಿಯೆಲ್ಲ ಅದರ ಚರ್ಚೆಯಲ್ಲೇ ಕಳೆಯಿತು.

ಈಗ ನಮ್ಮ ಪ್ರಯೋಗಾಲಯದಿಂದ ಹೋಗುವ ಯಾವ ವರದಿಯಲ್ಲೂ ಎನ್.ಡಿ. ಎಂದು ಬರೆಯಲು ನಾನು ಬಿಡುವುದಿಲ್ಲ. ಅಂಕಿ ಸಿಗದಿದ್ದ ಕಡೆ ನಮ್ಮ ಮಿತಿಯನ್ನು ಬರೆದು, ಅದಕ್ಕಿಂತ ಕಡಿಮೆ ಎಂದು ಸೂಚಿಸುತ್ತೇವೆ. ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಬಂದ ಮೇಲೆ ಅದರ ನೀರನ್ನೂ ಅಳೆದು ವರದಿಯನ್ನು ಚಿಕ್ಕಪ್ಪನ ಕೈಗೇ ಕೊಟ್ಟೆ. ಅವರಿಗೆ ಈಗ ಕಣ್ಣು ಮಂಜು. ವರದಿಯನ್ನು ಮುಖದ ಹತ್ತಿರ ಹಿಡಿದು, ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಸೀಸದ ಎದುರು ನಿಲ್ಲಿಸಿದರು.

“ಅರ್ಧ ಮೈಕ್ರೋಗ್ರಾಂಗಿಂತ ಕಡಿಮೆ ಅಂತ ಬರೆದಿದ್ದೀಯ. ಅಂದರೆ ಅದರ ಕೆಳಗೆ ಎಷ್ಟಾದರೂ ಇರಬಹುದು.”

“ಇರಬಹುದು ಚಿಕ್ಕಪ್ಪ. ಅಲ್ಲಿಂದ ಕೆಳಗೆ ನನಗೆ ಕಾಣುವುದಿಲ್ಲ. ಕುಡಿಯುವ ನೀರಿಗೆ ಹತ್ತರ ತನಕ ಆಗಬಹುದು ಅಂತ ಇದೆ.”

ಅವರು ವರದಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡು, ಕ್ಯಾನ್ ಎತ್ತಿಕೊಂಡು ಘಟಕದ ಕಡೆಗೆ ಹೊರಟರು.